ಅಪ್ಪ ಇಲ್ಲದ ಗಂಡು ಜೇನು ನಂಗೆ ಹ್ಯಾಪ್ಲಾಯ್ಡ್ ಕಲಿಸಿದ್ದು

ನಮ್ಮದು ಶಿರಸಿ ಕಡೆ ಅಡಿಕೆ ತೋಟ, ತೋಟದ ಅಂಚಲ್ಲಿ ಏಳೆಂಟು ತುಡುವೆ ಜೇನಿನ ಪೆಟ್ಟಿಗೆ ಇಟ್ಕೊಂಡಿದೀನಿ. ಬಿಎಸ್ಸಿಲಿ ಹ್ಯಾಪ್ಲಾಯ್ಡ್ ಅಂದ್ರೆ ಎನ್, ಅಂದ್ರೆ ಕ್ರೋಮೋಸೋಮು (ಜೀನು ಹೊತ್ತ ಎಳೆ) ಒಂದೇ ಸೆಟ್ಟು, ಡಿಪ್ಲಾಯ್ಡ್ ಅಂದ್ರೆ ಟೂ ಎನ್, ಎರಡು ಸೆಟ್ಟು, ಮನುಷ್ಯರ ವೀರ್ಯಾಣು ಅಂಡಾಣುಲಿ 23 ಕ್ರೋಮೋಸೋಮು, ಮೈಯ ಜೀವಕೋಶದಲ್ಲಿ 46 ಅಂತ ಬರ್ದು ಪಾಸಾದವ್ನು ನಾನು. ಅರ್ಥ ಆಗಿದ್ದು ಮಾತ್ರ ಎಷ್ಟೋ ವರ್ಷ ಬಿಟ್ಟು, ಅದೂ ಒಂದು ಪೆಟ್ಟಿಗೆ ಹಾಳು ಮಾಡ್ಕೊಂಡ ಮೇಲೆ.

ಒಂದು ಸಲ ಮಳೆಗಾಲ ಮುಗೀತು ಅಂತ ಮೂರನೇ ಪೆಟ್ಟಿಗೆ ತೆಗೆದ್ರೆ ಎರಿ (ಮೇಣದ ಹಲ್ಲೆ) ತುಂಬಾ ಗಂಡಿನ ಕಣ, ಅಂದ್ರೆ ಗಂಡು ಮರಿ ಬೆಳೆಯೋ ಗೂಡು. ತುಡುವೇಲಿ ಅದನ್ನ ಗುರುತಿಸೋದು ಸುಲಭ, ಮುಚ್ಚಳ ಗೋಪುರದ ಥರ ಉಬ್ಬಿರುತ್ತೆ, ನಟ್ಟನಡುವೆ ಸೂಜಿ ಚುಚ್ಚಿದಂಗೆ ಒಂದು ತೂತು. ಗಂಡು ಜಾಸ್ತಿ ಇದೆ ಅಂದ್ರೆ ಕುಟುಂಬ ಬಲವಾಗಿದೆ, ಇನ್ನೇನು ಪಾಲಾಗುತ್ತೆ ಅಂತ ಖುಷಿಪಟ್ಟು ಮುಚ್ಚಿ ಬಂದೆ. ಎರಡು ವಾರ ಬಿಟ್ಟು ನೋಡಿದ್ರೆ ಕೆಲಸಗಾರ ಹುಳ ಅರ್ಧಕ್ಕರ್ಧ ಖಾಲಿ, ಹುಟ್ಟಿದ ಗಂಡುಗಳೂ ಸಣ್ಣ ಸಣ್ಣ, ಒಂದೊಂದು ಕಣದಲ್ಲಿ ಮೂರ್ನಾಕು ಮೊಟ್ಟೆ ಅಡ್ಡಾದಿಡ್ಡಿ ಬಿದ್ದಿದಾವೆ. ರಾಣಿ ಯಾವಾಗ್ಲೋ ಸತ್ತಿತ್ತು, ಕೆಲಸಗಾರ ಹುಳಗಳೇ ಮೊಟ್ಟೆ ಇಡ್ತಿದ್ವು.

ಕೆಲಸಗಾರ ಹುಳಗಳೂ ಹೆಣ್ಣೇ, ಆದ್ರೆ ಗಂಡಿನ ಜೊತೆ ಕೂಡಿರಲ್ಲ, ಹಂಗಾಗಿ ಮೊಟ್ಟೇಲಿ ಇರೋದು 16 ಕ್ರೋಮೋಸೋಮು ಅಷ್ಟೇ, ಅದು ಹಂಗೇ ಬೆಳೆದ್ರೆ ಗಂಡು. ರಾಣಿ ತನ್ನ ಹೊಟ್ಟೇಲಿ ಕೂಡಿಟ್ಟ ವೀರ್ಯ ಸೇರಿಸಿ ಇಟ್ರೆ 16 ಕೂಡಿಸು 16, ಒಟ್ಟು 32, ಅದು ಹೆಣ್ಣು. ಜಾನ್ ಜೀರ್ಜನ್ ಅನ್ನೋ ಪಾದ್ರಿ 1845ರಲ್ಲೇ ಗಂಡು ಜೇನಿಗೆ ಅಪ್ಪ ಇಲ್ಲ ಅಂದಿದ್ರಂತೆ. ಅಪ್ಪ ಇಲ್ಲ, ಆದ್ರೆ ಅಮ್ಮನ ಕಡೆ ಅಜ್ಜ ಇದಾನೆ, ಅದೊಂದು ತಮಾಷೆ.

ಹ್ಯಾಪ್ಲಾಯ್ಡ್ ಅಂದ್ರೆ ಅರ್ಧಂಬರ್ಧ ಅಂತ ತಿಳ್ಕೊಂಡಿದ್ದೆ ನಾನು, ತಪ್ಪು. ಕೀಲಿ ಗೊಂಚಲು ಇದ್ದಂಗೆ ಅದು, ಒಂದು ಗೊಂಚಲಲ್ಲಿ ಮನೇದು, ಕೊಟ್ಟಿಗೇದು, ಕಪಾಟಿಂದು ಎಲ್ಲ ಕೀಲಿ ಇರುತ್ತೆ, ಡಿಪ್ಲಾಯ್ಡ್ ಹತ್ರ ಅಂಥದ್ದೇ ಇನ್ನೊಂದು ಗೊಂಚಲು ಇರುತ್ತೆ ಅಷ್ಟೇ. ಗಂಡಿನ ಹತ್ರ ಒಂದೇ, ಒಂದು ಕೀಲಿ ಬಾಗಿದ್ರೆ ಬದಲಿ ಇಲ್ಲ, ಕೆಟ್ಟ ಜೀನು ಇದ್ರೆ ಅದ್ರಲ್ಲಿ ನೇರವಾಗಿ ಕಾಣುತ್ತೆ. ವೀರ್ಯ ಮಾಡುವಾಗ್ಲೂ ಅರ್ಧ ಮಾಡೋಕೆ ಏನಿದೆ, ಇರೋ 16ನ್ನೇ ಕಳಿಸುತ್ತೆ.

ಪೆಟ್ಟಿಗೆ ಉಳಿಸೋಕೆ ಮಾಡಿದ್ದಿಷ್ಟು: ಒಂದನೇ ಪೆಟ್ಟಿಗೆಯಿಂದ ಹೊಸ ಮೊಟ್ಟೆ, ಮರಿ ಇದ್ದ ಎರಿ ಫ್ರೇಮ್ ಸಮೇತ ತಂದು ಕೊಟ್ಟೆ, ವಾರಕ್ಕೊಂದರಂತೆ ಮೂರು ಸಲ. ಮೂರನೇ ಸಲಕ್ಕೆ ರಾಣಿ ಕಣ ಕಟ್ಟಿದ್ವು.

ಹೊಸ ರಾಣಿ ಬಂತು, ಮೊಟ್ಟೇನೂ ಇಡ್ತು, ಆದ್ರೆ ಮರಿ ಚದುರಿ ಚದುರಿ, ನಡುನಡುವೆ ಕಣ ಖಾಲಿ. ಸತ್ತ ಮರಿ ಇಲ್ಲ, ವಾಸನೆ ಇಲ್ಲ, ರೋಗ ಅಲ್ಲ ಅನ್ನಿಸ್ತು. ಆಮೇಲೆ ಹೊಳೀತು, ನನ್ನ ಪೆಟ್ಟಿಗೆ ಎಲ್ಲಾ ಒಂದೇ ಕುಟುಂಬ ಪಾಲು ಮಾಡಿ ಮಾಡಿ ಆಗಿದ್ದು! 32 ಇದ್ರೆ ಹೆಣ್ಣು ಅನ್ನೋದೂ ಪೂರ್ತಿ ಸರಿ ಅಲ್ಲ, ಲಿಂಗ ನಿರ್ಧರಿಸೋ ಒಂದು ಜೀನಿದೆ, ಎರಡೂ ಗೊಂಚಲಲ್ಲಿ ಅದರ ಬೇರೆ ಬೇರೆ ರೂಪ ಇದ್ರೆ ಮಾತ್ರ ಹೆಣ್ಣು, ಎರಡೂ ಒಂದೇ ಆದ್ರೆ 32 ಇದ್ರೂ ಗಂಡು, ಅಂಥ ಮರೀನ ಕೆಲಸಗಾರ ಹುಳ ತಿಂದು ಹಾಕ್ತಾವೆ. ಅಣ್ಣ ತಂಗಿ ಕೂಡಿದ್ರೆ ಹೀಗಾಗೋ ಸಾಧ್ಯತೆ ಜಾಸ್ತಿ. ಮಾವನ ಊರಿಂದ, ಮರದ ಪೊಟರೇಲಿ ಸಿಕ್ಕ ಎರಡು ಕುಟುಂಬ ತಂದು ಸೇರಿಸಿದೆ, ಅದಾದ್ಮೇಲೆ ಬಂದ ರಾಣಿಗಳ ಎರಿ ಚಾಪೆ ಹಾಸಿದಂಗೆ ತುಂಬ್ತಾ ಇದೆ.

ಈಗ್ಲೂ ತೂತಿನ ಮುಚ್ಚಳ ತುಂಬಾ ಕಂಡ್ರೆ ಮೊದ್ಲು ಪಕ್ಕದ ಕಣದಲ್ಲಿ ಎಷ್ಟು ಮೊಟ್ಟೆ ಇದೆ ಅಂತ ಎರಿ ಬಿಸಿಲಿಗೆ ಹಿಡಿದು ನೋಡ್ತೀನಿ.