ಸೈಟಿಗೆ ಓಡಾಡಿದ ಖರ್ಚು, ತೆರಿಗೆಯ ಲೆಕ್ಕ: ನನ್ನ ಅನುಭವ

ಶಿವಮೊಗ್ಗದಲ್ಲಿ ಮನೆಯಿಂದಲೇ ಒಳಾಂಗಣ ವಿನ್ಯಾಸದ ಕೆಲಸ ಮಾಡುತ್ತೇನೆ. ಸೈಟುಗಳೆಲ್ಲ ಹೊರಗೆ: ಸಾಗರ, ತೀರ್ಥಹಳ್ಳಿ, ಶಿರಸಿ, ಘಟ್ಟ ಇಳಿದರೆ ಬೈಂದೂರು. ತಿಂಗಳಲ್ಲಿ ಹತ್ತು ಹನ್ನೆರಡು ದಿನ ರಸ್ತೆಯಲ್ಲೇ ಕಳೆಯುತ್ತದೆ.

ಮೊದಲ ವರ್ಷ ಪೆಟ್ರೋಲ್ ಚೀಟಿ, ಬಸ್ ಟಿಕೆಟ್, ಲಾಡ್ಜ್ ಬಿಲ್ಲು ಎಲ್ಲ ಚೀಲದಲ್ಲಿ ತುಂಬಿಕೊಂಡು ಸಿಎ ಹತ್ತಿರ ಹೋದೆ. ಅವರು ಚೀಲ ಬಿಚ್ಚಲೇ ಇಲ್ಲ. "ಮೇಡಂ, ನಿಮ್ಮದು ಆದಾಯ ತೆರಿಗೆ ಕಾಯ್ದೆಯ 44ಎಡಿಎ ಸೆಕ್ಷನ್. ಬಂದ ಫೀಸಿನಲ್ಲಿ ಅರ್ಧ ಲಾಭ ಅಂತ ತೋರಿಸ್ತೀವಿ. ಉಳಿದ ಅರ್ಧದಲ್ಲೇ ಓಡಾಟದ ಖರ್ಚೂ ಸೇರಿಹೋಯ್ತು, ಮತ್ತೆ ಬೇರೆ ಕಳೆಯೋಕೆ ಬರಲ್ಲ" ಎಂದರು. ವೈದ್ಯರು, ವಕೀಲರು, ಎಂಜಿನಿಯರು, ಆರ್ಕಿಟೆಕ್ಟ್‌ಗಳ ಜೊತೆ ಒಳಾಂಗಣ ಅಲಂಕಾರವೂ ಆ ಸೆಕ್ಷನ್ನಿನ ವೃತ್ತಿಗಳ ಪಟ್ಟಿಯಲ್ಲಿದೆ. ಲೆಕ್ಕದ ಪುಸ್ತಕ ಬರೆಯುವುದು ಬೇಡ, ಆಡಿಟ್ ಬೇಡ, ಐಟಿಆರ್-4 ಎಂಬ ಸರಳ ರಿಟರ್ನ್ ಫಾರ್ಮ್ ಸಾಕು. ನಿಜವಾದ ಖರ್ಚು ಅರ್ಧಕ್ಕಿಂತ ಕಡಿಮೆ ಇದ್ದವರಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ.

2022-23ರಲ್ಲಿ ಲೆಕ್ಕ ತಿರುಗಿತು. ಶಿರಸಿ ಮತ್ತು ಬೈಂದೂರಿನ ಎರಡು ಹೋಮ್‌ಸ್ಟೇ ಕೆಲಸ ಒಟ್ಟಿಗೆ ಬಂದವು. ಫೀಸು 18 ಲಕ್ಷ, ಸಹಾಯಕರ ಸಂಬಳ, ಓಡಾಟ, ವಸತಿ ಎಲ್ಲ ಸೇರಿ ಖರ್ಚು 11 ಲಕ್ಷ 20 ಸಾವಿರ. ಅರ್ಧ ತೋರಿಸಿದ್ದರೆ ಲಾಭ 9 ಲಕ್ಷ ಆಗುತ್ತಿತ್ತು. ನಿಜವಾಗಿ ಉಳಿದದ್ದು 6 ಲಕ್ಷ 80 ಸಾವಿರ. ಆಗ ಹಳೆಯ ತೆರಿಗೆ ಪದ್ಧತಿಯಲ್ಲಿ ನಾನು 20 ಪರ್ಸೆಂಟ್ ಹಂತದಲ್ಲಿದ್ದೆ. ವ್ಯತ್ಯಾಸದ 2 ಲಕ್ಷ 20 ಸಾವಿರಕ್ಕೆ ಸೆಸ್ ಸೇರಿ 45,760 ರೂಪಾಯಿ ತೆರಿಗೆ. ಅರ್ಧಕ್ಕಿಂತ ಕಡಿಮೆ ಲಾಭ ತೋರಿಸಬೇಕಾದರೆ ಪುಸ್ತಕ ಇರಬೇಕು, ಆಡಿಟ್ ಆಗಬೇಕು. ಆಡಿಟ್ ಫೀಸು ಕಳೆದರೂ ಉಳಿಯುತ್ತದೆಂದು, ನಿಜವಾದ ಖರ್ಚು ತೋರಿಸುವ ಐಟಿಆರ್-3 ಫಾರ್ಮಿಗೆ ಹೋದೆ.

ಆಡಿಟ್‌ನಲ್ಲಿ ನನ್ನನ್ನು ಕಾಪಾಡಿದ್ದು ಬಿಲ್ಲುಗಳಲ್ಲ, ಕಾರಿನ ಡ್ಯಾಶ್‌ಬೋರ್ಡಿನಲ್ಲಿದ್ದ ನೋಟ್‌ಬುಕ್. ಬಂಕಿನ ಚೀಟಿ, ಬಸ್ ಟಿಕೆಟ್ ಎಲ್ಲ ನಾಲ್ಕೈದು ತಿಂಗಳಿಗೆ ಅಕ್ಷರ ಅಳಿಸಿ ಬರೀ ಬಿಳಿ ಕಾಗದವಾಗಿದ್ದವು. ನೋಟ್‌ಬುಕ್ಕಿನಲ್ಲಿ ಹೀಗೆ ಬರೆದಿದ್ದೆ: "ಜೂನ್ 14, ಸಾಗರ. ಮೀಟರ್ 41,208ರಿಂದ 41,356. ಅಡುಗೆಮನೆ ಗ್ರಾನೈಟ್ ಅಳತೆ, ಬಡಗಿ ಬಂದಿದ್ದರು." ಖರ್ಚು ಸಂಪೂರ್ಣ ವೃತ್ತಿಗಾಗಿಯೇ ಆಗಿರಬೇಕು ಎನ್ನುತ್ತದೆ ಕಾನೂನು. ಯಾಕೆ ಹೋದೆ ಎಂಬುದನ್ನು ಯಾವ ಬಿಲ್ಲೂ ಹೇಳುವುದಿಲ್ಲ, ಅದನ್ನು ನಾವೇ ಅಂದಂದೇ ಬರೆಯಬೇಕು. ಈಗ ಬಿಲ್ಲಿನ ಫೋಟೋವನ್ನೂ ಅದೇ ಸಂಜೆ ತೆಗೆದಿಡುತ್ತೇನೆ.

ಕಿಲೋಮೀಟರಿಗೆ ಇಷ್ಟು ಎಂದು ಕಳೆಯುವ ಸಿದ್ಧ ದರ ನಮಗಿಲ್ಲ. ಆ ವರ್ಷ ಕಾರು ಓಡಿದ್ದು 21,000 ಕಿಲೋಮೀಟರ್, ಅದರಲ್ಲಿ ಕೆಲಸದ್ದು 14,700. ಹಾಗಾಗಿ ಪೆಟ್ರೋಲ್, ಇನ್ಶೂರೆನ್ಸ್, ಸರ್ವಿಸ್, 15 ಪರ್ಸೆಂಟ್ ಸವಕಳಿ (ವರ್ಷವರ್ಷ ಕಾರಿನ ಬೆಲೆ ಇಳಿಯುವ ಲೆಕ್ಕ) ಎಲ್ಲದರಲ್ಲೂ 70 ಪರ್ಸೆಂಟ್ ಮಾತ್ರ ತೆಗೆದುಕೊಂಡೆವು. ಒಮ್ಮೆ ಅಮ್ಮನನ್ನೂ ಕರೆದುಕೊಂಡು ಬೈಂದೂರಿಗೆ ಹೋಗಿ, ಮರುದಿನ ಕೊಲ್ಲೂರಿನಲ್ಲಿ ಉಳಿದಿದ್ದೆ. ಆ ರಾತ್ರಿಯ ರೂಮು ಲೆಕ್ಕಕ್ಕೆ ಹಾಕಲಿಲ್ಲ, ಹಾಕಬಾರದು ಕೂಡ.

ಎರಡು ಕಡೆ ಪೆಟ್ಟು ತಿಂದೆ. ಬಾಡಿಗೆ ಕಾರಿನವರಿಗೆ ಒಂದೇ ದಿನ 12,000 ನಗದು ಕೊಟ್ಟಿದ್ದೆ. ಒಬ್ಬರಿಗೆ ದಿನಕ್ಕೆ 10,000 ದಾಟಿದ ನಗದು ಖರ್ಚು ಒಪ್ಪುವುದಿಲ್ಲವಾದ್ದರಿಂದ ಅಷ್ಟೂ ಹೋಯಿತು. ಇನ್ನೊಂದು ಮುಂದಿನ ವರ್ಷ, ಮತ್ತೆ 44ಎಡಿಎಗೆ ಮರಳಿದಾಗ. ಒಬ್ಬ ಗ್ರಾಹಕರಿಗೆ ಫೀಸು ಮತ್ತು ಪ್ರಯಾಣದ 60,000 ಸೇರಿಸಿ ಒಂದೇ ಬಿಲ್ ಮಾಡಿದೆ. ಅವರು ಪೂರ್ತಿ ಮೊತ್ತಕ್ಕೆ ಟಿಡಿಎಸ್ (ಕೊಡುವಾಗಲೇ ಕಡಿತ ಮಾಡುವ ತೆರಿಗೆ) ಹಿಡಿದರು, ತೆರಿಗೆ ಇಲಾಖೆಯ 26ಎಎಸ್ ಪಟ್ಟಿಯಲ್ಲಿ ಅದೆಲ್ಲ ನನ್ನ ಫೀಸಾಗಿಯೇ ಕಂಡಿತು. ಲಾಡ್ಜಿಗೆ, ಪೆಟ್ರೋಲಿಗೆ ಹೋದ ದುಡ್ಡಿನಲ್ಲೂ 30,000 ನನ್ನ ಲಾಭ ಎಂದಾಯಿತು! ಈಗ ರೂಮು, ರೈಲು ಟಿಕೆಟ್ ನೀವೇ ನಿಮ್ಮ ಹೆಸರಿನ ಬಿಲ್ಲಿನಲ್ಲಿ ಬುಕ್ ಮಾಡಿಕೊಡಿ ಎಂದು ಕೆಲಸ ಒಪ್ಪುವಾಗಲೇ ಕೇಳುತ್ತೇನೆ.

2025-26ಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್, ಅಂದರೆ ತೆರಿಗೆ ಮನ್ನಾ ಇದೆ. ಬೇರೆ ಆದಾಯ ಇಲ್ಲದೆ ಫೀಸು 24 ಲಕ್ಷದೊಳಗಿದ್ದರೆ, ಅರ್ಧ ತೋರಿಸಿದರೂ ತೆರಿಗೆ ಸೊನ್ನೆ. ಅಂಥವರು ಓಡಾಟದ ಖರ್ಚು ಕಳೆಯಲೆಂದು ಆಡಿಟ್‌ಗೆ ಹೋಗುವುದು ವ್ಯರ್ಥ ಎಂದೇ ನನ್ನ ಅಭಿಪ್ರಾಯ. ನಾನೂ ಈಗ ಐಟಿಆರ್-4ರಲ್ಲೇ ಇದ್ದೇನೆ. ಆದರೂ ನೋಟ್‌ಬುಕ್ ಬಿಟ್ಟಿಲ್ಲ. ಯಾವ ವರ್ಷ ಖರ್ಚು ಅರ್ಧ ದಾಟುತ್ತದೆಂದು ಏಪ್ರಿಲ್‌ನಲ್ಲಿ ಗೊತ್ತಾಗುವುದಿಲ್ಲ. 2022-23ರ ಪುಸ್ತಕ, ಬಿಲ್ಲುಗಳು ತಗಡಿನ ಡಬ್ಬಿಯಲ್ಲಿ ಅಟ್ಟದ ಮೇಲಿವೆ. 2030ರ ಮಾರ್ಚ್‌ವರೆಗೆ ಅವನ್ನು ಎಸೆಯುವಂತಿಲ್ಲ.