‘ವೈಫೈ ಉಂಟಾ?’ ಎನ್ನಲು ಬಂದರೆ ಸ್ಪ್ಯಾನಿಷ್ ಶುರು ಮಾಡಿ

ಮಂಗಳೂರಿನ ಹಂಪನಕಟ್ಟೆಯ ಹೋಟೆಲಿನಲ್ಲಿ ಕೂತು ‘ಇಲ್ಲಿ ವೈಫೈ ಉಂಟಾ?’ ಎಂದು ಕೇಳುತ್ತೇವೆ ಅಲ್ವಾ? ಸ್ಪೇನಿನಲ್ಲಿ ಅದೇ ಪ್ರಶ್ನೆ ‘ಆಯ್ ವೀಫಿ?’ ಲ್ಯಾಟಿನ್ ಅಮೆರಿಕದಲ್ಲಿ ಹೆಚ್ಚಾಗಿ ವೈಫೈ ಎಂದೇ ಹೇಳುತ್ತಾರೆ. ಇಲ್ಲಿನ ‘ಆಯ್’ ನಮ್ಮ ‘ಉಂಟು’. ಒಂದು ಮೆಸೇಜ್ ಉಂಟು, ಹತ್ತು ಮೆಸೇಜ್ ಉಂಟು. ಉಂಟು ಬದಲಾಗುವುದಿಲ್ಲ. ‘ಆಯ್ ಉನ್ ಮೆನ್ಸಾಹೆ, ಆಯ್ ದಿಯೆಸ್ ಮೆನ್ಸಾಹೆಸ್.’ ಆಯ್ ಕೂಡ ಬದಲಾಗುವುದಿಲ್ಲ. ಆಗುಂಬೆ ಘಾಟಿಯಲ್ಲಿ ‘ರೇಂಜ್ ಇಲ್ಲ’ ಅನ್ನುವುದು ‘ನೋ ಆಯ್ ಸೆಞಾಲ್.’

ನಾವು ಸ್ಪ್ಯಾನಿಷನ್ನು ಇಂಗ್ಲಿಷ್ ಮೂಲಕ ಕಲಿಯಲು ಹೋಗಿ ಸುಮ್ನೆ ಸುತ್ತು ಹೊಡೆಯುತ್ತೇವೆ. ಕರಾವಳಿಯ ಕನ್ನಡದಿಂದ ನೇರ ದಾರಿ ಇದೆ. ಪಾಠದ ಪುಸ್ತಕವಾಗಿ ಕೈಯಲ್ಲಿರುವ ಫೋನೇ ಸಾಕು.

ಮೊದಲು ಒಂದೇ ಒಂದು ಆ್ಯಪ್‌ನ ಭಾಷೆ ಬದಲಿಸಿ. ಆಂಡ್ರಾಯ್ಡ್ 13 ಮತ್ತು ಅದರ ನಂತರದ ಫೋನ್‌ಗಳಲ್ಲಿ, ಐಫೋನಿನಲ್ಲೂ, ಹಲವು ಆ್ಯಪ್‌ಗಳಿಗೆ ಬೇರೆ ಬೇರೆ ಭಾಷೆ ಇಡಬಹುದು. ಮ್ಯಾಪ್ ಅಥವಾ ಫೋಟೋ ಆ್ಯಪ್ ಒಳ್ಳೆಯದು. ಬ್ಯಾಂಕ್, ಯುಪಿಐ ಆ್ಯಪ್ ಮುಟ್ಟಬೇಡಿ. ‘ಬೊರ್ರಾರ್’ ಅಂದರೆ ಅಳಿಸು, ‘ಗ್ವಾರ್ದಾರ್’ ಅಂದರೆ ಉಳಿಸು. ಇವೆರಡು ಗೊತ್ತಿಲ್ಲದೆ ನಾನು ಒಮ್ಮೆ ಮಲ್ಪೆ ಬೀಚಿನ ಫೋಟೋಗಳನ್ನು ಕಳೆದುಕೊಂಡಿದ್ದೇನೆ. ಹಾಗೆಯೇ ‘ಇದಿಯೋಮಾ’ ಅಂದರೆ ಭಾಷೆ. ವಾಪಸ್ ಬರುವ ಬಾಗಿಲು ಅದೇ, ಚೀಟಿಯಲ್ಲಿ ಬರೆದಿಡಿ.

ಆಮೇಲೆ ಕಂಡ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. ಸ್ಪ್ಯಾನಿಷ್‌ನ ‘ತ’ ನಮ್ಮ ತಂಬುಳಿಯ ತ, ಟೊಮೆಟೊದ ಟ ಅಲ್ಲ. ಪಾಸ್‌ವರ್ಡ್‌ಗೆ ಅವರು ‘ಕೊಂತ್ರಾಸೆಞಾ’ ಅನ್ನುತ್ತಾರೆ. ಶಾಲೆಯಲ್ಲಿ ಕಲಿತು ಎಲ್ಲೂ ಬಳಸದ ನಮ್ಮ ‘ಞ’ ಅಲ್ಲಿ ದಿನದ ಅಕ್ಷರ! ಇಂಗ್ಲಿಷಿನಲ್ಲಿ ಇದನ್ನು ಬರೆದುಕೊಳ್ಳಲು ತಿಣುಕಬೇಕು.

ಈಗ ಬಟನ್‌ಗಳನ್ನು ನೋಡಿ. ಗ್ವಾರ್ದಾರ್ (ಉಳಿಸು), ರೆಸ್ಪೊಂದೇರ್ (ಉತ್ತರಿಸು), ಕೊಂಪಾರ್ತೀರ್ (ಹಂಚು). ಆರ್, ಏರ್, ಈರ್: ಸ್ಪ್ಯಾನಿಷ್ ಕ್ರಿಯಾಪದಗಳೆಲ್ಲ ಈ ಮೂರು ಗುಂಪಿನವು. ಬಾಲ ಬದಲಿಸಿದರೆ ಯಾರು ಅನ್ನುವುದು ಗೊತ್ತಾಗುತ್ತದೆ. ಗ್ವಾರ್ದೋ, ಉಳಿಸುತ್ತೇನೆ. ಗ್ವಾರ್ದಾಸ್, ಉಳಿಸುತ್ತೀಯ. ಗ್ವಾರ್ದಾಮೋಸ್, ಉಳಿಸುತ್ತೇವೆ. ‘ನಾನು’ ‘ನೀನು’ ಬಿಟ್ಟರೂ ಅರ್ಥ ಕೆಡುವುದಿಲ್ಲ, ಕನ್ನಡದ ಹಾಗೆಯೇ. ಚಾಟ್‌ನಲ್ಲಿ ಕಾಣುವ ‘ಎಸ್ಕ್ರಿಬಿಯೆಂದೋ’ ಅಂದರೆ ‘ಬರೆಯುತ್ತಾ’. ಚಾರ್ಜ್ ಆಗುತ್ತಾ ಇದ್ದರೆ ‘ಎಸ್ತಾ ಕಾರ್ಗಾಂದೋ.’

ನನಗೆ ತುಂಬ ಖುಷಿ ಕೊಟ್ಟದ್ದು ಲೈಕ್ ಬಟನ್. ಅದರ ಹೆಸರು ‘ಮೆ ಗುಸ್ತಾ’. ಇಂಗ್ಲಿಷ್‌ನವರು ‘ನಾನು’ ಎಂದು ಶುರು ಮಾಡುತ್ತಾರೆ. ಹಾಗಾಗಿ ಈ ಪಾಠದಲ್ಲಿ ಅವರಿಗೆ ಕಷ್ಟ ಜಾಸ್ತಿ. ನಾವು ‘ನನಗೆ’ ಎಂದು ಶುರು ಮಾಡುತ್ತೇವೆ. ನನಗೆ ಫೋಟೋ ಇಷ್ಟವಾಗುತ್ತದೆ: ‘ಮೆ ಗುಸ್ತಾ ಲಾ ಫೋತೋ.’ ಫೋಟೋಗಳು ಇಷ್ಟವಾಗುತ್ತವೆ: ‘ಮೆ ಗುಸ್ತಾನ್ ಲಾಸ್ ಫೋತೋಸ್.’ ಕ್ರಿಯಾಪದ ನನ್ನನ್ನು ನೋಡುವುದಿಲ್ಲ, ಫೋಟೋ ಒಂದೋ ಹಲವೋ ಎಂದು ನೋಡುತ್ತದೆ. ಸ್ಕ್ರೀನ್ ನೋಡಿ ನೋಡಿ ನನಗೆ ತಲೆ ನೋಯುತ್ತಿದ್ದರೆ? ‘ಮೆ ದ್ವೇಲೆ ಲಾ ಕಬೇಸಾ.’ ಇದೂ ‘ನನಗೆ’. ತುಳುವಿನ ‘ಎಂಕ್’ ಕೂಡ ಹೀಗೆಯೇ ಅಲ್ವಾ? ಮನೆಯಲ್ಲಿ ತುಳು ಮಾತಾಡುವವರು ಅದರಿಂದಲೇ ಶುರು ಮಾಡಬಹುದು.

ಕನ್ನಡ ಕೈಕೊಡುವುದು ಲಿಂಗದಲ್ಲಿ. ನಮಗೆ ಫೋನ್, ಸ್ಕ್ರೀನ್, ಚಾರ್ಜರ್ ಎಲ್ಲ ‘ಅದು’. ಅಲ್ಲಿ ಫೋನ್ ಗಂಡು, ‘ಎಲ್ ತೆಲೇಫೊನೋ’. ಸ್ಕ್ರೀನ್ ಹೆಣ್ಣು, ‘ಲಾ ಪಂತಾಯಾ’. ಕೊಂಕಣಿ ಬಲ್ಲವರಿಗೆ ಇದು ಹೊಸತಲ್ಲ. ಅವರಲ್ಲಿ ರೂಕ್ (ಮರ) ಗಂಡು, ವಾಟ್ (ದಾರಿ) ಹೆಣ್ಣು. ಉಳಿದ ನಮಗೆ ಬಾಯಿಪಾಠವೇ ಗತಿ. ‘ಎಲ್’, ‘ಲಾ’ ಬಿಟ್ಟು ಯಾವ ಪದವನ್ನೂ ಬರೆದುಕೊಳ್ಳಬೇಡಿ. ಕೊನೆಯಲ್ಲಿ ಓ ಇದ್ದರೆ ಸಾಮಾನ್ಯವಾಗಿ ಗಂಡು, ಆ ಇದ್ದರೆ ಹೆಣ್ಣು. ಆದರೆ ಫೋತೋ ಹೆಣ್ಣು, ಅದು ‘ಫೊತೊಗ್ರಫೀಆ’ದ ಗಿಡ್ಡ ರೂಪ. ಇದಿಯೋಮಾ, ಪ್ರೊಬ್ಲೇಮಾ, ಸಿಸ್ತೇಮಾ ಗಂಡು.

ಇಲ್ಲಿ ಫೋನೇ ಒಳ್ಳೆಯ ಗುರು. ಬೇಕೆಂದೇ ತಪ್ಪು ಪಾಸ್‌ವರ್ಡ್ ಹಾಕಿ ನೋಡಿ, ಒಂದೇ ಸಲ ಸಾಕು. ‘ಕೊಂತ್ರಾಸೆಞಾ ಇಂಕೊರ್ರೆಕ್ತಾ’ ಎಂದು ಬರಬಹುದು. ‘ತಪ್ಪು’ ಎಂಬ ಪದ ಹಿಂದೆ ಹೋಗಿದೆ, ಕೊನೆಗೆ ‘ಆ’ ಸೇರಿದೆ. ಕೋಡ್ ತಪ್ಪಾದರೆ ‘ಕೋದಿಗೋ ಇಂಕೊರ್ರೆಕ್ತೋ’. ಉಳಿಸಿದ ಫೋಟೋ ‘ಫೋತೋ ಗ್ವಾರ್ದಾದಾ’, ಉಳಿಸಿದ ಫೈಲ್ ‘ಆರ್ಚೀಬೋ ಗ್ವಾರ್ದಾದೋ’. ಇಂಥ ಜೋಡಿ ಕಂಡಾಗಲೆಲ್ಲ ಸ್ಕ್ರೀನ್‌ಶಾಟ್ ತೆಗೆದಿಡಿ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಸುರತ್ಕಲ್‌ಗೆ ಬಸ್ಸಿನಲ್ಲಿ ಹೋಗುವಾಗ ಕಣ್ಣಾಡಿಸಲು ಅಷ್ಟು ಸಾಕು.

ಎರಡು ವಾರದ ನಂತರ ಕೀಬೋರ್ಡಿಗೆ ಸ್ಪ್ಯಾನಿಷ್ ಸೇರಿಸಿ. ಪ್ರಶ್ನೆ ಚಿಹ್ನೆಯನ್ನು ಒತ್ತಿ ಹಿಡಿದರೆ ಅದರ ತಲೆಕೆಳಗಾದ ರೂಪ ಬರುತ್ತದೆ. ವಾಕ್ಯದ ಶುರುವಿನಲ್ಲೂ ಅದನ್ನು ಹಾಕಬೇಕೆಂದು ಸ್ಪೇನಿನ ಭಾಷಾ ಅಕಾಡೆಮಿ 1754ರಲ್ಲಿ ಹೇಳಿತು. ನಮ್ಮ ಊರಿನ ಎಷ್ಟೋ ಮಕ್ಕಳು ಹಡಗಿನಲ್ಲಿ ಕೆಲಸಕ್ಕಿದ್ದಾರೆ. ಸ್ಪ್ಯಾನಿಷ್ ಕಿವಿಗೆ ಬಿದ್ದವರು ಅವರಲ್ಲಿ ಇದ್ದಾರೆ. ನಿಮ್ಮ ಅಣ್ಣನೋ ಬಾವನೋ ಹಾಗಿದ್ದರೆ ಮೊದಲ ಮೆಸೇಜ್ ಅವರಿಗೇ ಕಳಿಸಿ: ‘ಆಯ್ ವೀಫಿ?’