ಕೊನೆ ಲಾಂಚ್ ತಪ್ಪಿದವರು

ಹೋಂಸ್ಟೇ ಮಾಡಬೇಕು ಅಂತ ಲೆಕ್ಕ ಹಾಕಿ ಶುರು ಮಾಡಿದವನಲ್ಲ ನಾನು. ಸಾಗರದಿಂದ ಹೊಳೆಬಾಗಿಲಿಗೆ ಹೋಗುವ ದಾರಿಯಲ್ಲಿ, ಶರಾವತಿ ಹಿನ್ನೀರಿನ ದಂಡೆಯಲ್ಲಿ ನಮ್ಮ ಮನೆ. ಆಚೆ ದಡದ ಸಿಗಂದೂರು ದೇವಸ್ಥಾನಕ್ಕೆ ಹೊರಟವರು ಸಂಜೆಯ ಕೊನೆ ಲಾಂಚ್, ಅಂದರೆ ಜನ, ವಾಹನ ಎರಡನ್ನೂ ಹಿನ್ನೀರು ದಾಟಿಸುವ ದೊಡ್ಡ ದೋಣಿ, ತಪ್ಪಿಸಿಕೊಂಡು, 'ಇಲ್ಲೆಲ್ಲಾದ್ರೂ ಮಲಗೋಕೆ ಜಾಗ ಸಿಗುತ್ತಾ?' ಅಂತ ಅಂಗಳಕ್ಕೆ ಬರುತ್ತಿದ್ದರು. ಜಗಲಿಯಲ್ಲಿ ಚಾಪೆ, ಒಂದು ಹಂಡೆ ಬಿಸಿನೀರು, ಅನ್ನ, ತಂಬುಳಿ. ಅಷ್ಟೇ. ಆಮೇಲೆ ಎರಡು ಕೋಣೆ ಕಟ್ಟಿಸಿ, ಬೋರ್ಡು ಹಾಕಿದೆ.

2025ರ ಜುಲೈನಲ್ಲಿ ಸೇತುವೆ ಬಂತು. ಈ ದಡದ ಅಂಬಾರಗೋಡ್ಲಿನಿಂದ ಆಚೆ ದಡದ ಕಳಸವಳ್ಳಿಗೆ ಸುಮಾರು ಎರಡೂವರೆ ಕಿಲೋಮೀಟರ್. ಲಾಂಚಿಗಾಗಿ ಕಾದು ಕಾದು ಸುಸ್ತಾಗುತ್ತಿದ್ದ ನೀರನ್ನು ಈಗ ಐದು ನಿಮಿಷದಲ್ಲಿ ದಾಟುತ್ತಾರೆ. ಆಚೆ ದಡದವರು ರಾತ್ರಿ ಹೊತ್ತು ರೋಗಿಯನ್ನು ಸಾಗಿಸಲು ಪಟ್ಟ ಪಾಡು ಗೊತ್ತಿದ್ದ ಮೇಲೆ ನಾನು ಗೊಣಗುವ ಹಾಗಿಲ್ಲ. ಆದರೆ ನನ್ನ ಕೋಣೆಗಳು ಖಾಲಿ ಬಿದ್ದವು. ದಾಟಲು ಆಗದೆ ಉಳಿಯುತ್ತಿದ್ದವರು ಹೋದರು. ಉಳಿಯಬೇಕು ಅಂತಲೇ ಬರುವವರನ್ನು ಹುಡುಕಬೇಕಾಯಿತು.

ಆಗ ಕೈ ಹಿಡಿದಿದ್ದು ಬೋರ್ಡು ಹಾಕಿದ ವರ್ಷ ನಾನೇ ಮಾಡಿದ ಎಡವಟ್ಟಿನಿಂದ ಕಲಿತ ಪಾಠ. 'ವರ್ಷಪೂರ್ತಿ ದೋಣಿ ವಿಹಾರ' ಅಂತ ಬರೆಸಿದ್ದೆ. ಏಪ್ರಿಲ್‌ನಲ್ಲಿ ಬೆಂಗಳೂರಿನ ಒಂದು ಸಂಸಾರ ಬಂತು. ನೀರು ಅರ್ಧ ಕಿಲೋಮೀಟರ್ ಹಿಂದೆ ಸರಿದಿತ್ತು. ಮಧ್ಯೆ ಬರೀ ಕೆಸರು. ಮಗುವಿನ ಒಂದು ಚಪ್ಪಲಿ ಅದರಲ್ಲಿ ಹೂತು ಹೋಯಿತು, ಸಿಗಲೇ ಇಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮಾರನೇ ದಿನವೇ ಬೋರ್ಡಿಗೆ ಬಣ್ಣ ಬಳಿದೆ.

ಇದು ಕೆರೆಯಲ್ಲ, ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು. ತುಂಬಿದಾಗ 1819 ಅಡಿ. ಕರೆಂಟಿಗೆ ಬಿಟ್ಟಂತೆಲ್ಲ ಇಳಿಯುತ್ತಾ ಹೋಗುತ್ತದೆ. ಈಗ ಪ್ರತಿ ಬೆಳಿಗ್ಗೆ ಪೇಪರಿನಲ್ಲಿ ಜಲಾಶಯದ ಮಟ್ಟ ನೋಡಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ಯಾರಾದರೂ ಫೋನ್ ಮಾಡಿ 'ಏನೇನಿದೆ ನಿಮ್ಮಲ್ಲಿ?' ಅಂದರೆ, 'ಯಾವ ತಿಂಗಳು ಬರ್ತೀರಿ?' ಅಂತ ತಿರುಗಿ ಕೇಳುತ್ತೇನೆ.

ಜುಲೈ, ಆಗಸ್ಟ್ ಅಂದರೆ ನೀರಿಗೆ ಇಳಿಸುವುದೇ ಇಲ್ಲ. ಗಾಳಿ ಜೋರು, ಮೇಲಾಗಿ ಮುಳುಗಿದ ಕಾಡಿನ ಮರದ ಬೊಡ್ಡೆಗಳು ಏರುವ ನೀರಿನ ಅಡಿಯಲ್ಲಿ ಕಾಣುವುದಿಲ್ಲ. ಜೋಗಕ್ಕೆ ಕಳಿಸುತ್ತೇನೆ, ಒಂದು ಷರತ್ತಿನ ಮೇಲೆ: ವಾರದ ನಡುವೆ ಹೋಗಿ, ಮಂಜು ಮುಚ್ಚಿದ್ದರೆ ವಾಪಸ್ ಬರಬೇಡಿ, ಕಾಯಿರಿ. ಬರೀ ಬಿಳಿ ಕಾಣುತ್ತಿದ್ದ ಕಡೆ ಒಂದೇ ಗಾಳಿಗೆ ಪರದೆ ಸರಿದು 830 ಅಡಿ ನೀರು ಎದುರಿಗೆ ನಿಲ್ಲುತ್ತದೆ. ಎರಡು ನಿಮಿಷ ಇರುತ್ತದೆ, ಮತ್ತೆ ಮಾಯ. ತೋಟಕ್ಕೆ ಇಳಿಯುವವರ ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಸುತ್ತೇನೆ, ಇಂಬಳ (ಜಿಗಣೆ) ಹತ್ತದ ಹಾಗೆ. ಊಟಕ್ಕೆ ಕಳಲೆ ಪಲ್ಯ, ಪತ್ರೊಡೆ, ಕೆಂಡದ ಮೇಲೆ ಸುಟ್ಟ ಹಲಸಿನ ಹಪ್ಪಳ. ಕರೆಂಟ್ ಇರಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ.

ದೋಣಿ ಏನಿದ್ದರೂ ಅಕ್ಟೋಬರಿನಿಂದ. ನೀರು ತುಂಬಿ, ಗಾಳಿ ತಣ್ಣಗಾಗಿ, ದ್ವೀಪಗಳೆಲ್ಲ ಹಸಿರಾಗಿರುವ ಕಾಲ. ಲೈಫ್ ಜಾಕೆಟ್ ಹಾಕದವರನ್ನು ಹತ್ತಿಸುವುದಿಲ್ಲ, ಎಷ್ಟೇ ದೊಡ್ಡ ಈಜುಗಾರರಾಗಿರಲಿ. ಅದೇ ತಿಂಗಳು ಹೆಗ್ಗೋಡಿನ ನೀನಾಸಂನಲ್ಲಿ ಸಂಸ್ಕೃತಿ ಶಿಬಿರ ಇದ್ದರೆ ನಾಟಕ ನೋಡುವವರೂ ನಮ್ಮಲ್ಲಿ ಉಳಿಯುತ್ತಾರೆ. ಇಕ್ಕೇರಿ, ಕೆಳದಿಯ ಹಳೇ ದೇವಸ್ಥಾನ ಎರಡನ್ನೂ ಒಂದೇ ದಿನ ಆರಾಮಾಗಿ ಮುಗಿಸಬಹುದು. ಕೆಳದಿಯಲ್ಲಿ ತಲೆ ಎತ್ತಿ ಚಾವಣಿಯ ಗಂಡಭೇರುಂಡ ನೋಡಿ ಅಂತ ಹೇಳಿ ಕಳಿಸದಿದ್ದರೆ ಅರ್ಧ ಜನ ನೋಡದೆ ಬರುತ್ತಾರೆ.

ಅಡಕೆ ಕೊಯ್ಲಿನ ಹೊತ್ತಿಗೆ ನಾನು ಏನೂ ಏರ್ಪಾಟು ಮಾಡುವುದಿಲ್ಲ. ರಾತ್ರಿ ಊಟ ಆದಮೇಲೆ ಅಂಗಳದಲ್ಲಿ ಹಸಿ ಅಡಕೆ ಸುಲಿಯುತ್ತಾ ಕೂತಿರುತ್ತೇವೆ, ಅತಿಥಿಗಳು ತಾವೇ ಬಂದು ಕೂರುತ್ತಾರೆ. ಒಬ್ಬರು ಐಟಿಯವರು ಮೆಟ್ಟುಗತ್ತಿಯ ಮೇಲೆ ಕಾಲಿಟ್ಟು, ಎರಡು ಗಂಟೆ ಒದ್ದಾಡಿ ಒಂದು ಸೇರು ಸುಲಿದರು. ಪಕ್ಕದಲ್ಲಿ ಕೂತ ಅಜ್ಜಿ ಅಷ್ಟರಲ್ಲಿ ಡಬ್ಬಗಟ್ಟಲೆ ಸುಲಿದಿದ್ದಳು, ಅದೂ ಕತ್ತಿ ನೋಡದೆ, ಇವರ ಮುಖ ನೋಡಿ ನಗುತ್ತಾ. ಬೆರಳಿಗೆ ಹತ್ತಿದ ಅಡಕೆ ಕರೆ ವಾರ ಆದರೂ ಹೋಗಿಲ್ಲ, ಆಫೀಸಿನಲ್ಲಿ ಎಲ್ಲರಿಗೂ ತೋರಿಸಿದೆ ಅಂತ ಆಮೇಲೆ ಫೋಟೊ ಕಳಿಸಿದ್ದರು. ಫೆಬ್ರವರಿ ಹೊತ್ತಿಗೆ ಆಲೆಮನೆ. ಕಬ್ಬಿನ ಹಾಲು, ಖಾರ ಮಂಡಕ್ಕಿ, ಬಿಸಿ ಜೋನಿಬೆಲ್ಲ. ಅದನ್ನು ವಿವರಿಸುವುದೇನಿದೆ!

ಒಂದು ವಿಷಯ ಮಾತ್ರ ಮುಚ್ಚಿಡುವುದಿಲ್ಲ. ಡಿಸೆಂಬರಿನಿಂದ ಮೇ ತನಕ ಕಾಡು ಸುತ್ತಾಟ ನಮ್ಮಲ್ಲಿ ಬಂದ್. ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ, ಅದರ ಕಾಲ ಇದು. 1957ರಲ್ಲಿ ಅದು ಮೊದಲು ಪತ್ತೆಯಾಗಿದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲೇ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ನನಗೆ ಹೇಳಿ ಅನ್ನುತ್ತೇನೆ. ಇದನ್ನು ಕೇಳಿ ಬುಕಿಂಗ್ ಬಿಟ್ಟವರಿದ್ದಾರೆ. ಬಿಡಲಿ.

ಹಾಗಾದರೆ ಬೇಸಿಗೆಯಲ್ಲಿ ಏನು? ನಾನು ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲ ಅದು. ಈಗ ಜಾಸ್ತಿ ಜನ ಬರುವುದೇ ಆಗ. ಮಳೆ ಕಡಿಮೆಯಾದ ವರ್ಷ ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟು ನೀರಿನಿಂದ ಮೇಲೆದ್ದು ಬರುತ್ತದೆ. ಜೋಗದ ವಿದ್ಯುತ್ತಿಗಾಗಿ ಕಟ್ಟಿದ್ದು. 1964ರಲ್ಲಿ ಲಿಂಗನಮಕ್ಕಿ ಬಂದು ಅದನ್ನೇ ಮುಳುಗಿಸಿತು. ಅಷ್ಟು ವರ್ಷ ನೀರಿನಲ್ಲಿದ್ದರೂ ಹೆಚ್ಚಾದ ನೀರನ್ನು ತಾವಾಗಿ ಹೊರಹಾಕುತ್ತಿದ್ದ ಅದರ ಸೈಫನ್‌ಗಳು ಗಟ್ಟಿಯಾಗಿ ನಿಂತಿವೆ.

ಅಲ್ಲಿವರೆಗೆ ಹೋಗಲು ಆಗದವರನ್ನು ಅಪ್ಪ ಸಂಜೆ ನಮ್ಮ ದಂಡೆಯಲ್ಲೇ ಕರೆದುಕೊಂಡು ಹೋಗುತ್ತಾರೆ. ಮುಳುಗಡೆಯಾದಾಗ ಅವರಿಗೆ ಹತ್ತು ವರ್ಷ. ನೀರಿಳಿದ ಜಾಗದಲ್ಲಿ ಮನೆಗಳ ಪಾಯದ ಕಲ್ಲು, ಒಡೆದ ಹೆಂಚು, ಒರಳಿನ ಗುಂಡಿ. ಅಪ್ಪ ಕೋಲಿನಿಂದ ಕೆಸರು ಕೆರೆದು, 'ಇದು ಬಚ್ಚಲು. ಇಲ್ಲಿ ಹಂಡೆ ಇತ್ತು' ಅನ್ನುತ್ತಾರೆ. ಕಳೆದ ಮೇನಲ್ಲಿ ಒಬ್ಬ ಹುಡುಗ ಹೆಂಚಿನ ಚೂರೊಂದನ್ನು ಎತ್ತಿ, 'ತಾತ, ಇದು ತಗೊಂಡು ಹೋಗ್ಲಾ?' ಅಂದ. ಅಪ್ಪ ಸುಮ್ನೆ ಅದನ್ನು ಇಸಿದುಕೊಂಡು ನೋಡಿದರು. 'ಇದು ನಮ್ದಲ್ಲ, ಪಕ್ಕದ ಮನೆಯವರದ್ದು' ಅಂತ ಹೇಳಿ ಎಲ್ಲಿತ್ತೋ ಅಲ್ಲೇ ಇಟ್ಟರು.